ನಮ್ಮ ಕಾಕಾ ಶಬ್ದ ಆರಿಸಿಕೊಂಡದ್ದು

ನಮ್ಮ ಕಾಕಾ ತಮ್ಮ ಜೀವಮಾನದಲ್ಲಿ ಮಾಡಿದ ಅತಿ ದೊಡ್ಡ ಗದ್ದಲವೆಂದರೆ ಹುಟ್ಟಿದ ದಿನ ಅತ್ತದ್ದು. ಅದೂ ಖಚಿತವಿಲ್ಲ. ಸೂಲಗಿತ್ತಿ ಬೆನ್ನಿಗೆ ತಟ್ಟಿದಾಗ ಮಗು ಅಳಲಿಲ್ಲ, 'ಯಾಕೆ ಸುಮ್ಮನೆ ತೊಂದರೆ ಕೊಡುತ್ತೀ' ಅನ್ನುವ ಹಾಗೆ ಅವಳನ್ನು ದುರುಗುಟ್ಟಿ ನೋಡಿತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತಿನಲ್ಲಿ ಅರ್ಧ ಉಪ್ಪುಖಾರ ಇರುತ್ತಿತ್ತು. ಆದರೆ ಕಾಕಾನನ್ನು ಬಲ್ಲ ಯಾರೂ ಈ ಮಾತನ್ನು ಸುಳ್ಳು ಅನ್ನಲಿಲ್ಲ.

ಇಂಥವರಿಗೆ ದೇವರು ಯಾವ ನೌಕರಿ ಕೊಡಬೇಕು? ಲೈಬ್ರರಿಯದೇ ಕೊಟ್ಟ. ಶಹಾಬಾದದಿಂದ ಭಂಕೂರ ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ಊರು. ಅಲ್ಲಿಯ ಪಂಚಾಯತಿ ಲೈಬ್ರರಿಯನ್ನು ಕಾಕಾ ಬಹಳ ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಗೋಡೆಯ ಮೇಲೆ 'ನಿಶ್ಶಬ್ದ' ಎಂಬ ಫಲಕ ಎಲ್ಲ ಲೈಬ್ರರಿಗಳಲ್ಲೂ ಇರುತ್ತದೆ. ಆದರೆ ಅದನ್ನು ಓದಿ ನಂಬಿದವರು ನಮ್ಮ ಕಾಕಾ ಒಬ್ಬರೇ ಇರಬೇಕು. ಫ್ಯಾನು ಕಿರ್ ಕಿರ್ ಅನ್ನುತ್ತದೆ ಎಂದು ಅದನ್ನು ಬಂದ್ ಮಾಡಿಸಿದರು. ನಮ್ಮ ಕಡೆಯ ಬೇಸಿಗೆಯಲ್ಲಿ ಫ್ಯಾನು ಬಂದ್ ಮಾಡಿಸಿದವರನ್ನು ಜನ ಏನೆಂದು ಕರೆಯುತ್ತಾರೋ ಅದನ್ನು ಇಲ್ಲಿ ಬರೆಯಲಾರೆ. ಗೋಡೆ ಗಡಿಯಾರದ ಸೆಲ್ಲು ತೆಗೆದಿಟ್ಟರು. ಹಲ್ಲಿ ಲೊಚಗುಟ್ಟಿದರೆ ಅದರತ್ತ ತಿರುಗಿ ತುಟಿಯ ಮೇಲೆ ಬೆರಳಿಡುತ್ತಿದ್ದರು. ಹಲ್ಲಿ ಸುಮ್ಮನಾಗುತ್ತಿತ್ತು! ಯಾಕೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಸೇಡಂನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ಬೇರೆ.

ಪೇಪರ್ ಓದಲು ಬರುತ್ತಿದ್ದ ಹಿರಿಯರು ಕೆಲವು ದಿನ ತಾಳಿಕೊಂಡರು. ಆದರೆ ಪೇಪರ್ ಓದಿದ ಮೇಲೆ ಅದರ ಮೇಲೆ ಜಗಳಾಡಬಾರದು ಅಂದರೆ ಓದುವುದಾದರೂ ಯಾತಕ್ಕೆ? ಒಬ್ಬೊಬ್ಬರಾಗಿ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಗೆ ಹೊರಟುಹೋದರು. ಅಲ್ಲಿ ಅದೇ ಪೇಪರು ಬರುತ್ತಿತ್ತು, ಜೊತೆಗೆ ಮಿರ್ಚಿ ಭಜಿಯೂ ಸಿಗುತ್ತಿತ್ತು. ಲೈಬ್ರರಿ ಇನ್ನಷ್ಟು ಶಾಂತವಾಯಿತು. ಕಾಕಾಗೆ ಸಂತೋಷವೋ ಸಂತೋಷ.

ಹೊರಗಿನವರು ಚಹಾದ ಅಂಗಡಿಗೆ ಹೋದರು, ಸರಿ. ಮನೆಯವರು ಎಲ್ಲಿಗೆ ಹೋಗಬೇಕು? ನಮ್ಮ ಕಾಕಿ ಮದುವೆಯಾಗಿ ಬಂದಾಗ ಬಹಳ ಮಾತಿನವಳು. ಓದು ಬರಹ ಬರುತ್ತಿರಲಿಲ್ಲ, ಆದರೆ ಬಾವಿಗೆ ನೀರಿಗೆ ಹೋದರೆ ಊರಿನ ಅಷ್ಟೂ ಸುದ್ದಿಯನ್ನು ಕೊಡದಲ್ಲಿ ತುಂಬಿಕೊಂಡೇ ಬರುತ್ತಿದ್ದಳು. ಮಧ್ಯಾಹ್ನ ಗಂಡನಿಗೆ ರೊಟ್ಟಿ ಬುತ್ತಿ ತೆಗೆದುಕೊಂಡು ಲೈಬ್ರರಿಗೆ ಹೋಗಿ ಬಾಗಿಲಲ್ಲೇ, "ಏನ್ರೀ, ಗೊತ್ತಾತೇನ್ರಿ, ಆ ಮ್ಯಾಗಿನ ಓಣಿಯವ್ರ ಎಮ್ಮಿ..." ಎಂದು ಶುರು ಮಾಡಿದರೆ ಕಾಕಾ ತುಟಿಯ ಮೇಲೆ ಬೆರಳಿಡುತ್ತಿದ್ದರು. ಆ ಎಮ್ಮೆಗೆ ಏನಾಯಿತು ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಕಾಕಿ ಬರಬರುತ್ತ ಬಾಗಿಲಿಗೆ ಬರುವುದನ್ನು ಬಿಟ್ಟಳು. ಕಿಟಕಿಯ ಸರಳಿನೊಳಗಿಂದ ಬುತ್ತಿ ಕೊಟ್ಟು, ಸೆರಗು ಸರಿಮಾಡಿಕೊಂಡು ಹೋಗತೊಡಗಿದಳು. ಮನೆಯಲ್ಲೂ ಅದೇ ರೂಢಿಯಾಯಿತು. ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರೆ ಊಟ ಸಾಕು ಎಂದು, ಲೋಟ ಬೋರಲು ಹಾಕಿದರೆ ಚಹಾ ಬೇಡ ಎಂದು. ಅದೊಂದು ಮನೆಯೋ, ಸಿಗ್ನಲ್ಲುಗಳ ರೈಲ್ವೆ ಸ್ಟೇಷನ್ನೋ ಎಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು.

ಈಗ ನಗು ಬರುವುದಿಲ್ಲ. ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಕಾಕಿ ಅಡುಗೆಮನೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಪಕ್ಕದಲ್ಲೇ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಹೊಡೆಯುತ್ತಲೇ ಇತ್ತು. ಕಾಕಿ ಕಲ್ಲು ಆರಿಸುತ್ತಲೇ ಇದ್ದಳು. ಸುಟ್ಟ ವಾಸನೆ ಪಡಸಾಲೆಗೆ ಬಂದ ಮೇಲೆ ನಾನೇ ಓಡಿಹೋಗಿ ಒಲೆ ಆರಿಸಿದೆ. ಕಾಕಿ ಬೇಸರದಿಂದ ನನ್ನ ಮುಖ ನೋಡಿದಳು.

"ಯಾಕ ಆರಿಸ್ದಿ ತಂಗಿ? ಇನ್ನಾ ಒಂದ ಸೀಟಿ ಸುದ್ದ ಆಗಿಲ್ಲ."

ಕಾಕಾ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನಾನು ಹಾಗೆ ಎಂದೂ ನೋಡಿರಲಿಲ್ಲ.

ಕಾಕಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು. ಒಂದಿಷ್ಟು ಎಣ್ಣೆ, ಒಂದಿಷ್ಟು ಹತ್ತಿ, ಅಷ್ಟೇ ಔಷಧ. ಕೇಳುವುದು ಯಾವಾಗಿನಿಂದ ಕಡಿಮೆಯಾಯಿತು, ಯಾವಾಗ ಪೂರ್ತಿ ನಿಂತಿತು, ಯಾರಿಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಮಾತೇ ಆಡದ ಮನೆಯಲ್ಲಿ ಕಿವುಡು ಬಂದದ್ದು ಯಾರಿಗೆ ಗೊತ್ತಾಗಬೇಕು? ಅಂದು ಸಂಜೆ ಕಾಕಾ ಅಂಗಳದ ಪರ್ಸಿಕಲ್ಲಿನ ಮೇಲೆ ನನ್ನ ಪಕ್ಕ ಕುಳಿತು ಬಾಯಿ ಬಿಟ್ಟರು.

"ಇತ್ತಿತ್ಲಾಗ ನನಗ ಮಾತಾಡ್ಬೇಕು ಅನಸ್ತಿತ್ತು, ತಂಗಿ. ಲೈಬ್ರರ್ಯಾಗ ಯಾರೂ ಬರಂಗಿಲ್ಲ. ಮನಿಗಿ ಬಂದು, ಇವತ್ತ ಬಿಸಲು ಭಾಳ ಅದ ಅಂತಿದ್ದೆ. ಪಲ್ಯ ಛಲೋ ಆಗ್ಯದ ಅಂತಿದ್ದೆ. ಆಕಿ ಹೊಳ್ಳಿ ಮಾತಾಡ್ತಿರಲಿಲ್ಲ. ಸಿಟ್ಟು ಅಂತ ತಿಳಕೊಂಡೆ. ಇಷ್ಟ ವರ್ಷ ಬಾಯಿ ಮುಚ್ಚಿಸೀನಿ, ಈಗ ಆಕಿ ಪಾಳಿ, ಇರ್ಲಿ ಅಂತ ಸುಮ್ಮ ಕುಂತೆ."

ಕಲಬುರಗಿಯ ಡಾಕ್ಟರಿಗೆ ತೋರಿಸಿದೆವು. ಸೋರುವ ಕಿವಿಯೊಳಗೆ ಕೇಳಿಸುವ ಮಷೀನು ಇಡಲಿಕ್ಕೆ ಬರುವುದಿಲ್ಲ, ಮೊದಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಆಪರೇಷನ್ ಮಾಡಿ ನೋಡಬಹುದು, ಭರವಸೆ ಕೊಡಲಾರೆ ಎಂದರು. ಅದನ್ನು ಕಾಕಿಗೆ ಕೈಸನ್ನೆಯಲ್ಲಿ ತಿಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಎಲ್ಲ ನೋಡಿ ಕಾಕಿ ಶಾಂತವಾಗಿ, "ಬ್ಯಾಡ ಬಿಡು ತಂಗಿ. ಕೇಳಿ ಮಾಡಾದು ಏನದ? ನಮ್ಮ ಮನ್ಯಾಗ ಯಾರು ಮಾತಾಡ್ತಾರ?" ಎಂದಳು. ಸಿಟ್ಟಿನಿಂದ ಅಂದದ್ದಲ್ಲ. ಹಾಗಾಗಿಯೇ ಕಾಕಾಗೆ ಅದು ಹೆಚ್ಚು ಚುಚ್ಚಿತು. ಒಂದೇ ಒಂದು ಸಲ ತಮ್ಮ ಮಾತು ಅವಳಿಗೆ ಕೇಳಿಸಬೇಕು, ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಇಂಥ ಹೊತ್ತಿಗೆ ಲೈಬ್ರರಿಯವರಿಗೆ ಒಂದು ತರಬೇತಿ ಬಂತು. ಹಳ್ಳಿಯ ಲೈಬ್ರರಿಗಳು ಬರೀ ಪುಸ್ತಕ ಕೊಡುತ್ತ ಕೂತರೆ ಸಾಲದು, ಊರ ಜನರನ್ನು ಕರೆದು ವಿಜ್ಞಾನದ ಕಾರ್ಯಕ್ರಮ ನಡೆಸಬೇಕು, ಅದಕ್ಕೆ ಅವರನ್ನು ತಯಾರು ಮಾಡಬೇಕು ಎಂದು ಸರಕಾರದ ಆದೇಶವಾಯಿತು. ವಾರಕ್ಕೊಂದು ದಿನ, ಸರದಿಯ ಮೇಲೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಕಲಿಸುವವಳು ನಾನು. ನನ್ನನ್ನು 'ಸಂಪನ್ಮೂಲ ವ್ಯಕ್ತಿ' ಎಂದು ಕರೆದರು. ಹಾಗೆಂದರೆ ಚಹಾದ ಮೊದಲ ಕಪ್ಪು ಯಾರಿಗೆ ಸಿಗುತ್ತದೋ ಅವರು ಎಂದು ಅರ್ಥ.

ಸೇಡಂನಲ್ಲಿ ಮೊದಲ ದಿನ ಒಬ್ಬೊಬ್ಬರಿಗೂ ಒಂದು ಪೆಟ್ಟಿಗೆ ಸಾಮಾನು ಹಂಚಿದೆ. ಭೂತಗನ್ನಡಿ, ಆಯಸ್ಕಾಂತ, ಬಲೂನು, ತಂತಿ, ಕರೆಂಟು ತೆಗೆದು ತೋರಿಸಲಿಕ್ಕೆ ನಿಂಬೆಹಣ್ಣು. ಚಹಾ ಕುಡಿದು ಬರುವಷ್ಟರಲ್ಲಿ ಏನು ನೋಡಲಿ! ಎಲ್ಲರೂ ತಮ್ಮ ತಮ್ಮ ಲೈಬ್ರರಿಯ ಠಸ್ಸೆ ತಂದಿದ್ದರು. ಪುಸ್ತಕ ಬಂದಾಗ ಮಾಡುವಂತೆ ಪ್ರತಿಯೊಂದು ಸಾಮಾನಿಗೂ ನಂಬರು ಹಾಕಿ ಠಸ್ಸೆ ಹೊಡೆದು ಮುಗಿಸಿದ್ದರು. ಭೂತಗನ್ನಡಿಯ ನಟ್ಟನಡುವೆ ನೀಲಿ ಠಸ್ಸೆ. ನಿಂಬೆಹಣ್ಣಿಗೂ ಠಸ್ಸೆ. ಬಲೂನಿನ ಮೇಲಿನ ಪುಟ್ಟ ಠಸ್ಸೆಯಂತೂ ಊದುತ್ತ ಊದುತ್ತ ಪಂಚಾಯತಿಯ ಬೋರ್ಡಿನಷ್ಟು ದೊಡ್ಡದಾಗಿ, ಆಮೇಲೆ ಢಬ್ ಎಂದು ಒಡೆಯಿತು. ಉಳಿದವರೆಲ್ಲ ಧಡ್ ಧಡ್ ಎಂದು ಹೊಡೆದಿದ್ದರೆ ನಮ್ಮ ಕಾಕಾ ಮಾತ್ರ ಮಗುವಿನ ಹಣೆಗೆ ವಿಭೂತಿ ಹಚ್ಚುವಂತೆ ಮೆತ್ತಗೆ ಒತ್ತಿ ಕೂತಿದ್ದರು. ನಾನು ತಲೆ ಮೇಲೆ ಕೈ ಹೊತ್ತುಕೊಂಡೆ.

"ಶಿಕ್ಕಾ ಇಲ್ಲದ ಸಾಮಾನು ಲೈಬ್ರರಿದು ಹ್ಯಾಂಗ ಆಗ್ತದ್ರಿ ಮೇಡಂ? ನಾಳಿ ಒಡೀತು ಅಂದ್ರ ಜವಾಬ್ದಾರಿ ಯಾರು?" ಎಂದು ಕುರಕುಂಟಾದಿಂದ ಬಂದವರೊಬ್ಬರು ಕೇಳಿದರು. ಅವರು ನಮ್ಮ ಗುಂಪಿನ ಮಾತಿನ ಮಲ್ಲರು.

"ಒಡೆದರೆ ಒಡೀಲಿ ಬಿಡ್ರಿ. ಮಕ್ಕಳ ಕೈಗೆ ಕೊಡಲಿಕ್ಕೇ ಇವು ಬಂದಿರೋದು" ಎಂದೆ.

ಸಭೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದಂತಾಯಿತು. ಪುಸ್ತಕದ ಒಂದು ಹಾಳೆ ಹರಿಯದಂತೆ ಜನ್ಮವಿಡೀ ಕಾಪಾಡಿದವರಿಗೆ 'ಒಡೀಲಿ ಬಿಡ್ರಿ' ಅಂದರೆ ಹೇಗಾಗಬೇಡ? ಅವರಿಗೆ ವಿಜ್ಞಾನ ಕಲಿಸುವುದು ಕಷ್ಟವಾಗಲಿಲ್ಲ. ಕಪಾಟಿನ ಕೀಲಿ ತೆಗೆಯುವುದನ್ನು ಕಲಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಕಾಕಾನದು ಇನ್ನೊಂದು ವಿಚಿತ್ರ. ತರಬೇತಿಯಲ್ಲಿ ನಾನು ಅವರ ಅಣ್ಣನ ಮಗಳೆಂಬುದನ್ನು ಪೂರ್ತಿ ಮರೆತುಬಿಡುತ್ತಿದ್ದರು. ಬರುವಾಗ "ಶರಣ್ರಿ ಮೇಡಂ" ಎಂದು ಕೈಮುಗಿಯುತ್ತಿದ್ದರು. ನನಗೋ ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಸಂಜೆ ಬಸ್‌ಸ್ಟ್ಯಾಂಡಿಗೆ ಬಂದ ಕೂಡಲೇ "ಸುಸಲಾ ತಿಂತಿಯೇನ ತಂಗಿ?" ಎಂದು ಮತ್ತೆ ಕಾಕಾ ಆಗುತ್ತಿದ್ದರು.

ಚಿತ್ತಾಪುರದಲ್ಲಿ ಎಲ್ಲರೂ ತಮ್ಮ ಊರಿನ ಕಾರ್ಯಕ್ರಮಕ್ಕೆ ಒಂದೊಂದು ವಿಷಯ ಆರಿಸಿಕೊಳ್ಳಬೇಕಿತ್ತು. ನೀರು, ಬೆಳಕು, ಆಯಸ್ಕಾಂತ ಎಂದು ಬೋರ್ಡಿನ ಮೇಲೆ ಬರೆದೆ. ನೀರನ್ನು ಒಬ್ಬರು ಆಗಲೇ ಹಿಡಿದರು. ಬೆಳಕಿಗೆ ಇಬ್ಬರು ಜಗಳಾಡಿದರು. ಕೊನೆಯಲ್ಲಿ 'ಶಬ್ದ' ಎಂದು ಬರೆದೆನೋ ಇಲ್ಲವೋ, ಹಿಂದಿನ ಸಾಲಿನಿಂದ ಕೈ ಮೇಲೆದ್ದಿತು. ಕಾಕಾನ ಕೈ! ಕುರಕುಂಟಾದವರು ಸುಮ್ಮನಿರುತ್ತಾರೆಯೇ?

"ಅಣ್ಣಾರ, ನೀವು ಶಬ್ದದ ಕಾರ್ಯಕ್ರಮ ಮಾಡ್ತೀರಿ ಅಂದ್ರ ಅದು ಶ್ರದ್ಧಾಂಜಲಿ ಸಭಾ ಆಗ್ತದ್ರಿ" ಎಂದರು. ಎಲ್ಲರೂ ನಕ್ಕರು. ಕಾಕಾ ಮಾತ್ರ ಎತ್ತಿದ ಕೈ ಇಳಿಸಲಿಲ್ಲ. ನಾನೂ ನಕ್ಕೆ, ಯಾಕೆ ಆರಿಸಿಕೊಂಡರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ವಾಡಿಯಲ್ಲಿ ಮಾಡಿ ತೋರಿಸುವ ದಿನ. ಜಂಕ್ಷನ್ ಊರು, ರೈಲು ಹೋದಾಗೆಲ್ಲ ನಮ್ಮ ಪಾಠ ನಿಲ್ಲುತ್ತಿತ್ತು. ಕಾಕಾನ ಪಾಠಕ್ಕೆ ಮಾತ್ರ ರೈಲಿನಿಂದ ಏನೂ ತೊಂದರೆಯಾಗಲಿಲ್ಲ, ಯಾಕೆಂದರೆ ಅವರು ಮಾತೇ ಆಡಲಿಲ್ಲ. ಶ್ರುತಿಕವೆ ಎಂದು ನಾವು ಶಾಲೆಯಲ್ಲಿ ಕರೆಯುವ ಎರಡು ಕಾಲಿನ ಉಕ್ಕಿನ ಕವೆಯೊಂದಿರುತ್ತದೆ. ರಬ್ಬರಿಗೆ ಬಡಿದರೆ ಗುಂಯ್ ಅನ್ನುತ್ತದೆ. ಅದನ್ನು ಬಡಿದರು, ನೀರಿನ ಬೋಗುಣಿಯಲ್ಲಿ ಅದ್ದಿದರು. ನೀರು ಚಿಮ್ಮಿ ಮುಂದಿನ ಸಾಲಿನವರ ಮುಖ ತೊಳೆಯಿತು. ಅವರು ಹೋ ಎಂದು ಕಿರುಚಿದರೆ ಕಾಕಾ ತುಟಿಯ ಮೇಲೆ ಬೆರಳಿಟ್ಟರು. ಶಬ್ದದ ಪಾಠ ಹೇಳುತ್ತ ಶಬ್ದ ಮಾಡಬೇಡಿ ಅನ್ನುವ ಮೇಷ್ಟರನ್ನು ನಾನು ಅಂದೇ ನೋಡಿದ್ದು.

"ಕಾಕಾ, ಬಾಯಿಬಿಟ್ಟು ಹೇಳಬೇಕು" ಎಂದೆ.

"ಕಣ್ಣಿಗಿ ಕಾಣ್ಲಿಕತ್ತದಲ್ರಿ ಮೇಡಂ" ಎಂದು ಕುಳಿತುಬಿಟ್ಟರು.

ಮರುವಾರ ಶಹಾಬಾದ. ಶ್ರುತಿಕವೆಯ ಬುಡವನ್ನು ಪರ್ಸಿಗೆ ಒತ್ತಿದರೆ ಕಲ್ಲು ಹಾಡುತ್ತದೆ, ಬೆಂಚಿಗೆ ಒತ್ತಿದರೆ ಕಟ್ಟಿಗೆ ಹಾಡುತ್ತದೆ ಎಂದು ತೋರಿಸಿದೆ. ಆಮೇಲೆ ಎಲ್ಲರಿಗೂ ಎರಡೂ ಕಿವಿಗಳನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಳ್ಳಲು ಹೇಳಿ, ಒಬ್ಬೊಬ್ಬರ ಕಿವಿಯ ಹಿಂದಿನ ಎಲುಬಿಗೆ ಅದೇ ಕವೆಯನ್ನು ಇಟ್ಟೆ. ಕಿವಿ ಮುಚ್ಚಿದ್ದರೂ ಕೇಳಿತು. ಎಲುಬೇ ಶಬ್ದವನ್ನು ಒಳಗೆ ಒಯ್ಯುತ್ತದೆ, ಕಟ್ಟಿಗೆಯ ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಮಾತಾಡಿದರೆ ಆ ಮಾತೂ ಇನ್ನೊಂದು ತುದಿಗೆ ಹೋಗುತ್ತದೆ ಎಂದು ವಿವರಿಸಿದೆ. ಆಗ ಕಾಕಾ ಎದ್ದು ನಿಂತರು. ಇಡೀ ತರಬೇತಿಯಲ್ಲಿ ಅವರು ಕೇಳಿದ ಪ್ರಶ್ನೆ ಅದೊಂದೇ.

"ಕಿವಿ ಪೂರಾ ಬಂದ್ ಆದವ್ರಿಗಿ ಸುದ್ದ ಕೇಳಸ್ತದೇನ್ರಿ ಮೇಡಂ?"

ಕುರಕುಂಟಾದವರೂ ನಗಲಿಲ್ಲ. ಕಾಕಾನ ದನಿಯಲ್ಲಿ ಏನೋ ಇತ್ತು. ನನಗೆ ಥಟ್ಟನೆ ಕಾಕಿ, ಕುಕ್ಕರು, ಎಲ್ಲ ಕಣ್ಣ ಮುಂದೆ ಬಂತು. ಕೆಟ್ಟದ್ದು ಹೊರಗಿನ, ನಡುವಿನ ಕಿವಿಯಷ್ಟೇ ಆಗಿದ್ದು, ಒಳಗಿನ ನರ ಚೆನ್ನಾಗಿದ್ದರೆ ಕೇಳಿಸಬಹುದು, ಎಲ್ಲರಿಗೂ ಅಲ್ಲ, ಖಾತ್ರಿ ಹೇಳಲಾರೆ ಎಂದೆ. ಅವರು "ಆಯ್ತ್ರಿ" ಎಂದು ಕುಳಿತುಕೊಂಡರು.

ಕೊನೆಯ ದಿನ ಚಿಂಚೋಳಿ. ಮುಗಿಸಿಕೊಂಡು ಸೇಡಂ ಕಡೆಯ ಬಸ್ಸು ಹತ್ತಿದೆವು. ಕಾಕಾ ಶ್ರುತಿಕವೆಯನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಮನ್ಯಾಗೇ ಒಮ್ಮಿ ಕಾಕಿ ಕಿವಿ ಹಿಂದ ಇಟ್ಟು ನೋಡ್ರಲ್ಲ ಕಾಕಾ" ಎಂದೆ.

"ಕೇಳಸಲಿಲ್ಲ ಅಂದ್ರ?" ಎಂದರು. ಕರವಸ್ತ್ರವನ್ನು ಇನ್ನೊಂದು ಸುತ್ತು ಬಿಗಿಮಾಡಿದರು. "ಅಂಜಿಕಿ ಬರ್ತದ ತಂಗಿ. ಇನ್ನೊಂದ ಅದ. ಆಕಿ ಬುತ್ತಿ ತಗೊಂಡು ಬಂದಾಗೆಲ್ಲ ಬೆರಳು ತೋರಿಸೀನಿ. ಆಕಿ ಹೇಳಬೇಕಂದಿದ್ದು ಎಷ್ಟಿತ್ತೋ. ಎಲ್ಲಿ ಬಾಯಿ ಮುಚ್ಚಿಸೀನೋ ಅಲ್ಲೇ ಕೇಳಸಬೇಕು. ಲೈಬ್ರರ್ಯಾಗೇ."

ಕಾರ್ಯಕ್ರಮದ ದಿನ ನಾನು ಊರಿಗೆ ಹೋದೆ. ಕಾಕಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿದ್ದೇ ದೂರು ಶುರುವಾಯಿತು. "ನಿಮ್ಮ ಕಾಕಾಗ ಈ ವಯಸ್ಸಿನ್ಯಾಗ ಏನಾಗ್ಯದ ಕೇಳು. ವಾರಕ್ಕೊಮ್ಮಿ ಚೀಲ ಹಾಕ್ಕೊಂಡು ಎಲ್ಲೋ ಹೋಗ್ತಾರ. ಎಲ್ಲಿ, ಏನು, ಒಂದು ಮಾತಿಲ್ಲ." ನಾನು ಏನೆಂದು ತಿಳಿಸಲಿ? ಹೊಟ್ಟೆ ಹಸಿದಿದೆ ಎಂದು ಕೈಸನ್ನೆ ಮಾಡಬಹುದು. ಚಿತ್ತಾಪುರಕ್ಕೆ ಕೈಸನ್ನೆ ಯಾವುದು? ವಿಜ್ಞಾನಕ್ಕೆ ಯಾವುದು? ಕೊನೆಗೆ ಅವಳ ಹಿಟ್ಟಿನ ಕೈ ತೊಳೆಸಿ, ಕೈ ಹಿಡಿದುಕೊಂಡು ಹೊರಟೆ. ಲೈಬ್ರರಿ ಬಂದಾಗ ಅವಳ ಕಾಲು ತಾನಾಗಿಯೇ ಕಿಟಕಿಯ ಕಡೆ ತಿರುಗಿತು. ಅದನ್ನು ನೋಡಿ ನನಗಾದ ಸಂಕಟ ಹೇಳತೀರದು. ತೋಳು ಹಿಡಿದು ಬಾಗಿಲಿನಿಂದಲೇ ಒಳಗೆ ಕರೆದುಕೊಂಡು ಹೋದೆ.

ಒಳಗೆ ಊರೇ ನೆರೆದಿತ್ತು. ಮಕ್ಕಳು, ಗಣಿಯಿಂದ ನೇರ ಬಂದ ಪರ್ಸಿ ಕೆಲಸದವರು, ಚಹಾದ ಅಂಗಡಿಗೆ ಹೋಗಿದ್ದ ಹಿರಿಯರು ಕೂಡ. ಹಳೆಯ ರೂಢಿಯಿಂದ ಎಲ್ಲರೂ ಗಪ್ಪಾಗಿ ಕೂತಿದ್ದರು. ಕಾಕಾ ನೀರು ಚಿಮ್ಮಿಸಿದರು. ಮಕ್ಕಳು ಕೇಕೆ ಹಾಕಿದವು. ಕಾಕಾನ ಬೆರಳು ತುಟಿಯವರೆಗೆ ಹೋಯಿತು. ಒಂದು ಕ್ಷಣ ಆ ಬೆರಳನ್ನೇ ನೋಡಿ ಕೆಳಗಿಳಿಸಿದರು. ಮಕ್ಕಳಿಗೆ ಕಪಾಟು ತೆರೆದ ಹಾಗಾಯಿತು. ಅಂಥ ಗದ್ದಲವನ್ನು ಆ ಗೋಡೆಗಳು ಕೇಳಿದ್ದು ಅದೇ ಮೊದಲು.

ಆಮೇಲೆ ಕಾಕಾ ಕಾಕಿಯ ಹತ್ತಿರ ಬಂದರು. ಜನರೆದುರು ಗಂಡ ಹೀಗೆ ಮುಂದೆ ಬಂದು ನಿಂತದ್ದಕ್ಕೇ ಅವಳು ನಾಚಿಕೊಂಡು ಸೆರಗು ಎಳೆದುಕೊಂಡಳು. ಕಾಕಾ ಆ ಸೆರಗನ್ನು ಮೆಲ್ಲಗೆ ಸರಿಸಿ, ಶ್ರುತಿಕವೆ ಬಡಿದು, ಅವಳ ಕಿವಿಯ ಹಿಂದೆ ಇಟ್ಟರು. ಕಾಕಿ ಬೆಚ್ಚಿದಳು. ಸುತ್ತಲೂ ನೋಡಿದಳು.

"ಗುಡ್ಯಾಗಿನ ಗಂಟಿ ಯಾರು ಬಾರಸ್ಲಿಕತ್ತಾರ?" ಎಂದಳು.

ಕಾಕಾ ಮೇಜಿನ ಮೇಲಿನ ಕಟ್ಟಿಗೆಯ ರೂಲು ಎತ್ತಿಕೊಂಡರು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಇನ್ನೊಂದನ್ನು ಅವಳ ಕಿವಿಯ ಹಿಂದೆ ಒತ್ತಿ ಹಿಡಿದರು. ಕಡ್ಡಿ ಕಚ್ಚಿದ ಗಿಣಿಯ ಹಾಗೆ ಕಾಣುತ್ತಿದ್ದರು. ಯಾರೋ ಕಿಸಕ್ಕೆಂದರು. ಕಾಕಾ ಇದ್ದಬದ್ದ ದನಿಯನ್ನೆಲ್ಲ ಸೇರಿಸಿ, "ಕೇಳಸ್ತದೇನ?" ಎಂದು ಕೂಗಿದರು.

ಕಾಕಿ ಬಾಯಿ ತೆರೆದವಳು ಹಾಗೆಯೇ ಉಳಿದಳು. ಕಣ್ಣು ತುಂಬಿಕೊಂಡವು. "ಹೂಂ" ಎಂದಳು. ಆಮೇಲೆ, ಮಗು ಇನ್ನಷ್ಟು ಬೆಲ್ಲ ಕೇಳುವಂತೆ, "ಮತ್ತ ಮಾತಾಡ್ರಿ" ಎಂದಳು.

ಏನು ಮಾತಾಡಬೇಕು? ಕಾಕಾಗೆ ರೂಢಿಯೇ ಇರಲಿಲ್ಲ. ತಡವರಿಸಿದರು. ರೂಲು ಕಚ್ಚಿದ ಬಾಯಿಂದ ಅಕ್ಷರಗಳು ಅರ್ಧಂಬರ್ಧ ಬಿದ್ದವು. "ಸೇಡಂಕ ಹೋಗಿದ್ದೆ. ಚಿತ್ತಾಪುರಕ್ಕ ಹೋಗಿದ್ದೆ. ವಾಡಿ, ಶಹಾಬಾದ... ಚಿಂಚೋಳಿ ಸುದ್ದ ಹೋಗಿದ್ದೆ. ನಿನಗ ಕೇಳಸೋದು ಕಲೀಲಿಕ್ಕ."

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಮುಖ ನೋಡಿದಳು.

"ಹೋಗೋ ಮುಂದ ನನಗ ಒಂದ ಮಾತ ಹೇಳಿ ಹೋಗಬಾರದೇನ್ರಿ?"

ಕಾಕಾ ರೂಲು ಬಾಯಿಂದ ತೆಗೆದರು. "ಹೇಳಿದ್ನಲ್ಲ. ಕೇಳಸಂಗಿಲ್ಲ ಅಂತ ಗೊತ್ತಿದ್ರೂ ಬಾಗಲ್ದಾಗ ನಿಂತು, ಹೋಗೋ ಮುಂದೆಲ್ಲಾ ನಿನಗ ಹೇಳೇ ಹೋಗೀನಿ."

ನಮಗೆಲ್ಲ ಕೇಳಿಸಿತು. ಕಾಕಿ ಮಾತ್ರ ಉತ್ತರಕ್ಕಾಗಿ ಅವರ ಬಾಯನ್ನೇ ನೋಡುತ್ತ ನಿಂತಿದ್ದಳು. ಕಾಕಾ ಮತ್ತೆ ರೂಲು ಹಲ್ಲಿನಲ್ಲಿ ಕಚ್ಚಿಕೊಂಡು, ಅವಳ ಕಿವಿಯ ಹಿಂದೆ ಒತ್ತಿ ಹಿಡಿದು, ಅಳುತ್ತಲೇ ಅದನ್ನು ಇನ್ನೊಮ್ಮೆ ಹೇಳಿದರು.